ಕುರ್ಚಿ ಮತ್ತು ಕೂಲಿ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)

ಪ್ರಜಾಪ್ರಭುತ್ವಕ್ಕೆ ಅಪಾಯ ಬಂದಿದೆ ಅಂತ ಎಲ್ಲರೂ ಭಾಷಣ ಬಿಗಿಯುತ್ತಾರೆ. ಅಪಾಯ ದಿಲ್ಲಿಯಿಂದ ಬರುತ್ತೆ ಅಂತಾರೆ. ನಿಜ, 1975ರ ಜೂನ್ 25ರ ರಾತ್ರಿ ಅದು ಬಂದದ್ದು ದಿಲ್ಲಿಯಿಂದಲೇ. 1977ರ ಮಾರ್ಚ್‌ನಲ್ಲಿ ಜನ ಅದನ್ನು ಓಟಿನಿಂದಲೇ ಓಡಿಸಿದರು. ಆದರೆ ನಮ್ಮ ಕೇರಿಗೆ ಬರೋ ಅಪಾಯಕ್ಕೆ ದಿಲ್ಲಿಯ ಹುಕುಂ ಬೇಕಿಲ್ಲ. ಊರ ಕಟ್ಟೆ ಮೇಲೆ ಕೂತು ದೊಡ್ಡೋರು ಒಂದು ಮಾತಂದ್ರೆ ಸಾಕು.

ಪಕ್ಕದ ತಮಿಳುನಾಡಿನ ಮಧುರೈ ಜಿಲ್ಲೆ, ಮೇಲೂರು ಹತ್ತಿರದ ಮೇಲವಳವು ಗ್ರಾಮ. 73ನೇ ತಿದ್ದುಪಡಿ ಬಂದ ಮೇಲೆ 1996ರಲ್ಲಿ ಅಲ್ಲಿನ ಪಂಚಾಯಿತಿ ಅಧ್ಯಕ್ಷ ಸ್ಥಾನ ದಲಿತರಿಗೆ ಮೀಸಲಾಯಿತು. ಮೊದಲು ನಾಮಪತ್ರ ಹಾಕಿದವರು ಬೆದರಿಕೆಗೆ ಅಂಜಿ ವಾಪಸ್ ತಗೊಂಡರು. ಆ ವರ್ಷದ ಕೊನೆಗೆ ಪೊಲೀಸ್ ಕಾವಲಿನಲ್ಲಿ ಮತದಾನ ನಡೆದು ಮುರುಗೇಶನ್ ಗೆದ್ದರು. ಗೆದ್ದರೂ ಕಚೇರಿಯ ಕುರ್ಚಿಯಲ್ಲಿ ಕೂರಲು ಬಿಡಲಿಲ್ಲ. 1997ರ ಜೂನ್ 30ರಂದು ಮಧುರೈ ಕಲೆಕ್ಟರ್ ಕಚೇರಿಗೆ ಹೋಗಿ ಬಸ್ಸಿನಲ್ಲಿ ವಾಪಸ್ ಬರುವಾಗ, ಹಾಡಹಗಲೇ, ಅವರನ್ನೂ ಇನ್ನು ಐವರನ್ನೂ ಕಡಿದು ಕೊಂದರು. ಗೆಳೆಯರೇ, ಅವರು ಮಾಡಿದ ಅಪರಾಧ ಏನು? ಚುನಾವಣೆಗೆ ನಿಂತದ್ದು!

ಅದೇ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರ್‌ಮಂಗಲಂ. ಇಲ್ಲಿ ಹತ್ತು ವರ್ಷ ಬೇರೆ ಆಟ ನಡೆಯಿತು. ನಾಮಪತ್ರ ಹಾಕೋಕೆ ಬಿಡೋದಿಲ್ಲ. ಚುನಾವಣೆ ನಡೆದರೆ ತಮ್ಮ ಮಾತು ಕೇಳುವ ಒಬ್ಬನನ್ನೇ ನಿಲ್ಲಿಸಿ, ಗೆದ್ದ ಕೂಡಲೇ ರಾಜೀನಾಮೆ ಬರೆಸೋದು. ಕಾನೂನೂ ಉಳಿಯಿತು, ಕುರ್ಚಿಯೂ ಖಾಲಿ ಉಳಿಯಿತು!

ಅವನು ಯಾಕೆ ಬರೆದುಕೊಟ್ಟ? ಹೇಡಿ ಅಂತ ನಾವು ಬೈಯಬಾರದು. ಭೂಮಿ ಅವರದು, ಕೂಲಿ ಅವರ ಕೈಲಿ. 1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಇದನ್ನೇ ಎಚ್ಚರಿಸಿದ್ದರು: ಓಟಿನಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ, ಈ ವಿರೋಧ ಬಹಳ ದಿನ ನಿಂತರೆ ಪ್ರಜಾಪ್ರಭುತ್ವವೇ ಉಳಿಯದು ಅಂತ.

ಹಾಗಾದರೆ ಕಾಪಾಡಿದವರು ಯಾರು? ಸತ್ತರೂ ಕುರ್ಚಿ ಬಿಡದ ಮುರುಗೇಶನ್. ಕೊಲೆಯನ್ನು ಕಣ್ಣಾರೆ ಕಂಡು, ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದ ಕೇರಿಯ ಜನ. ವರ್ಷಗಟ್ಟಲೆ ಕೇಸು ಬೆನ್ನು ಬಿಡದ ಮಧುರೈ ವಕೀಲ ಪಿ. ರತ್ತಿನಂ. 2001ರಲ್ಲಿ ಸೇಲಂ ಕೋರ್ಟು 17 ಜನಕ್ಕೆ ಜೀವಾವಧಿ ಕೊಟ್ಟಿತು, 2009ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಆದರೆ 2019ರಲ್ಲಿ ಅವರಲ್ಲಿ 13 ಜನರನ್ನು ಸರ್ಕಾರ ಅವಧಿಗೆ ಮುಂಚೆಯೇ ಬಿಟ್ಟುಬಿಟ್ಟಿತು! ಗೆದ್ದದ್ದನ್ನೂ ಕಾಯಬೇಕು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೆ? ಆ ಮೂರು ಊರುಗಳಲ್ಲಿ 2006ರ ಅಕ್ಟೋಬರ್‌ನಲ್ಲಿ, ಚಳವಳಿಯ ಒತ್ತಡಕ್ಕೆ ಸರ್ಕಾರ ಮುಂದೆ ನಿಂತ ಮೇಲೆ, ಚುನಾವಣೆ ನಡೆದು ದಲಿತರು ಅಧ್ಯಕ್ಷರಾದರು.

ಇದು ತಮಿಳುನಾಡಿನ ಕತೆ ಅಂತ ನಾವು ನಿದ್ದೆ ಹೋಗೋ ಹಾಗಿಲ್ಲ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ಸೀಟುಗಳನ್ನೇ ಹರಾಜು ಹಾಕಿದರು. ಹಣ ದೇವಸ್ಥಾನಕ್ಕೆ, ಸೀಟು ದುಡ್ಡಿದ್ದೋರಿಗೆ. ಹರಾಜಿನಲ್ಲಿ ಕೂಗೋ ಶಕ್ತಿ ನಮ್ಮಪ್ಪನಿಗಿದೆಯೇ?

ರಜೆಗೆ ಊರಿಗೆ ಹೋದಾಗ ನಾವು ಮಾಡಬೇಕಾದ್ದು ಇಷ್ಟು. ಕೇರಿಯವರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಅಂತ ಓದಿ ಹೇಳೋಣ. ಗ್ರಾಮಸಭೆಗೆ ಅಪ್ಪ ಅವ್ವನ ಜೊತೆ ಹೋಗಿ ಕೂರೋಣ. ಮೀಸಲು ಸ್ಥಾನದಲ್ಲಿ ಗೆದ್ದ ನಮ್ಮಕ್ಕ ಎಲ್ಲಿ ಕೂತಿದ್ದಾಳೆ, ಕುರ್ಚಿ ಮೇಲೋ, ಬಾಗಿಲ ಹೊರಗೋ, ನೋಡೋಣ. ಹೊರಗಿದ್ದರೆ ಅವಳ ಜೊತೆ ಒಳಗೆ ಹೋಗೋಣ. ಒಬ್ಬಳೇ ಹೋದರೆ ತಡೆಯುತ್ತಾರೆ. ನಾವು ನೂರು ಜನ ಹೋಗೋಣ.

ಜೈ ಭೀಮ್.