ಹಳೆಯ ಕಾರುಗಳ ಓಟ: ಸಿರಿವಂತರಿಗಷ್ಟೇ ಮೀಸಲಲ್ಲ



ಕಲಬುರಗಿ ಒಂದು ಕಾಲಕ್ಕೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅದರ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಇಂಗ್ಲೆಂಡಿನಿಂದ ಒಂದು ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರು ತರಿಸಲು ಹೇಳಿದ್ದರು. ಹಳದಿ ಬಣ್ಣದ ಆ ಕಾರಿನೊಳಗೆ ಸಿಂಹಾಸನದಂತಹ ಆಸನವಿತ್ತು. ಕಾರು ಬರುವ ಮುಂಚೆಯೇ, 1911ರಲ್ಲಿ, ನಿಜಾಮರು ತೀರಿಕೊಂಡರು. ಮುಂದೆ ಆ ಕಾರು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು.

ಹಳೆಯ ಕಾರಿನ ಹವ್ಯಾಸವೆಂದರೆ ಇಂಥ ಅರಮನೆಯ ವೈಭವವೇ ಎಂಬ ಭಾವನೆ ಹಲವರಲ್ಲಿದೆ. ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಕಾರುಗಳನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಹಳೆಯ ಕಾರುಗಳನ್ನು ನಿಲ್ಲಿಸಿ ನೋಡುವವರಂತೆ ಓಡಿಸಿ ನೋಡುವವರೂ ಇದ್ದಾರೆ. ಅವರ ಚರಿತ್ರೆ ಬೇರೆಯೇ ಆಗಿದೆ.

ಹಣವಂತರ ಓಟ ಇಲ್ಲವೆಂದಲ್ಲ. 2018ರಲ್ಲಿ ಒಂದು ಫೆರಾರಿ 250 ಜಿಟಿಒ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಮಾರಾಟವಾಯಿತು. ಅಂದಿನ ಲೆಕ್ಕದಲ್ಲಿ ಅದು 300 ಕೋಟಿ ರೂಪಾಯಿಗೂ ಮಿಕ್ಕ ಹಣ. ಇಂಥ ಕಾರುಗಳು ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ 1998ರಿಂದ ನಡೆಯುತ್ತಿರುವ ಹಳೆಯ ಕಾರುಗಳ ಪಂದ್ಯದಲ್ಲಿ ಓಡಿವೆ. ಆದರೆ ಅದೇ ಅಂಗಳದಲ್ಲಿ ಗುಮಾಸ್ತರೂ ಮೇಷ್ಟ್ರುಗಳೂ ಓಡಿಸುತ್ತಿದ್ದ ಆಸ್ಟಿನ್, ಮಿನಿ ಕಾರುಗಳೂ ಸೆಣಸುತ್ತವೆ. ಪುಟ್ಟ ಕಾರೊಂದು ತಿರುವಿನಲ್ಲಿ ದೊಡ್ಡ ಕಾರನ್ನು ಹಿಂದಿಕ್ಕಿದರೆ ಜನ ಕೂಗಿ ಸಂಭ್ರಮಿಸುತ್ತಾರೆ.

ಅಲ್ಲಿನ ವಿಂಟೇಜ್ ಕಾರು ಕ್ಲಬ್ಬು 1934ರಲ್ಲಿ ಹುಟ್ಟಿದ್ದೇ ಹೊಸ ಕಾರು ಕೊಳ್ಳುವಷ್ಟು ಸಿರಿವಂತರಲ್ಲದವರಿಗಾಗಿ. 1939ರಲ್ಲಿ ಆರಂಭವಾದ 750 ಮೋಟಾರ್ ಕ್ಲಬ್ಬು ಆಸ್ಟಿನ್ ಸೆವೆನ್ ಎಂಬ ಅಗ್ಗದ ಕಾರನ್ನೇ ನೆಚ್ಚಿಕೊಂಡಿತು. ಕಾಲಿನ್ ಚಾಪ್‌ಮನ್ 1948ರಲ್ಲಿ ತನ್ನ ಮೊದಲ ಕಾರನ್ನು ಕಟ್ಟಿದ್ದು ಅದೇ ಆಸ್ಟಿನ್ ಸೆವೆನ್ ಮೇಲೆ. ಲೋಟಸ್ ಕಂಪನಿ ಅಲ್ಲಿಂದ ಬೆಳೆಯಿತು. ನ್ಯೂಜಿಲೆಂಡಿನ ಬ್ರೂಸ್ ಮೆಕ್ಲಾರೆನ್ ಹುಡುಗನಾಗಿದ್ದಾಗ ಸ್ಪರ್ಧೆಗಿಳಿದದ್ದೂ ಇದೇ ಕಾರಿನಲ್ಲಿ.

ನಮ್ಮ ದೇಶದಲ್ಲೂ ಹೀಗೆಯೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಮದರಾಸಿನ ಬಳಿಯ ಶೋಲಾವರಂನಲ್ಲಿ ಇದ್ದ ವಿಮಾನದ ಓಡುದಾರಿಯೇ ಮುಂದೆ ಪಂದ್ಯದ ಅಂಗಳವಾಯಿತು. ಅಲ್ಲಿ ರಾಜಮನೆತನದವರ ವಿದೇಶಿ ಕಾರುಗಳ ಜೊತೆ ಗ್ಯಾರೇಜಿನಲ್ಲಿ ತಿದ್ದಿ ತೀಡಿದ ಫಿಯೆಟ್, ಹೆರಾಲ್ಡ್ ಕಾರುಗಳೂ ಓಡಿದವು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ಇಟ್ಟು ಕಡಿಮೆ ಖರ್ಚಿನ ರೇಸಿಂಗ್ ಕಾರನ್ನೇ ರೂಪಿಸಿದರು.

ವೇಗವಿಲ್ಲದ ಕಾರಿಗೂ ಗೆಲ್ಲುವ ದಾರಿಯೊಂದಿದೆ. ಅದು ಕಾಲ-ವೇಗ-ದೂರದ ರ‍್ಯಾಲಿ. ಉದಾಹರಣೆಗೆ, ಕಲಬುರಗಿಯಿಂದ ಕಮಲಾಪುರದ ದಾರಿಯಲ್ಲಿ 30 ಕಿ.ಮೀ. ದೂರವನ್ನು ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ ಕ್ರಮಿಸಬೇಕು ಎಂದಿಟ್ಟುಕೊಳ್ಳಿ. ಆಗ ಸರಿಯಾಗಿ 45 ನಿಮಿಷಕ್ಕೆ ಮುಟ್ಟಬೇಕು. ತಡವಾದರೂ ದಂಡ, ಬೇಗ ಮುಟ್ಟಿದರೂ ದಂಡ. ಇಲ್ಲಿ ಗೆಲ್ಲುವುದು ಎಂಜಿನ್ನಿನ ಬಲವಲ್ಲ. ಚಾಲಕನ ಹದ, ಪಕ್ಕದಲ್ಲಿ ಕೂತವರ ಲೆಕ್ಕ, ಕಾರ್ಬ್ಯುರೇಟರ್ ಹೊಂದಿಸಿದ ಮಿಸ್ತ್ರಿಯ ಕೈ ಇವೇ ಗೆಲ್ಲಿಸುತ್ತವೆ. 1089 ಸಿ.ಸಿ. ಎಂಜಿನ್ನಿನ ಪ್ರೀಮಿಯರ್ ಪದ್ಮಿನಿಗೆ ಇಷ್ಟು ಸಾಕು.

ಆದರೆ ಆ ಪದ್ಮಿನಿ ಉಳಿಯಬೇಕಲ್ಲ! ಇಲ್ಲಿ ಕಾನೂನು ಅಡ್ಡ ಬರುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನ ಮಾತ್ರ ವಿಂಟೇಜ್ ಎನಿಸುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವನ್ನು ನಿಯಮ ವಿಧಿಸಿತು. ನೋಂದಾಯಿಸಿದ ಮೇಲೂ ಪ್ರದರ್ಶನ, ರ‍್ಯಾಲಿ, ದುರಸ್ತಿಯಂತಹ ಕೆಲಸಗಳಿಗಷ್ಟೇ ಕಾರು ರಸ್ತೆಗಿಳಿಯಬಹುದು. 1974ರ ಪದ್ಮಿನಿಗೆ 2024ರಲ್ಲಿ 50 ತುಂಬಿತು. 1985ರ ಪದ್ಮಿನಿ 2035ರವರೆಗೆ ಕಾಯಬೇಕು. ಅಲ್ಲಿಯವರೆಗೆ ಕಾನೂನಿನ ಕಣ್ಣಿಗೆ ಅದು ವಯಸ್ಸಾದ ವಾಹನವಷ್ಟೇ. 15 ವರ್ಷ ದಾಟಿದ ಖಾಸಗಿ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ ಒಮ್ಮೆಲೇ 5,000ಕ್ಕೆ ಏರಿತು. ಶ್ರೀಮಂತನಿಗೆ ಇದು ಭಾರವಲ್ಲ. ದಿನದ ದುಡಿಮೆಯಲ್ಲಿ ಬದುಕುವವನು ಮಾತ್ರ ಅಪ್ಪನ ಕಾರನ್ನು ಗುಜರಿಗೆ ಕೊಡುವ ಯೋಚನೆ ಮಾಡುತ್ತಾನೆ.

ಹೊಗೆಯ ಚಿಂತೆ ಸುಳ್ಳಲ್ಲ. ಹಳೆಯ ಎಂಜಿನ್ನು ಹೊಸದಕ್ಕಿಂತ ಹೆಚ್ಚು ಹೊಗೆ ಉಗುಳುತ್ತದೆ. ಆದರೆ ವರ್ಷಕ್ಕೆ ನಾಲ್ಕಾರು ಸಲ ಹೊರಬರುವ ಕಾರನ್ನೂ ದಿನವಿಡೀ ಓಡುವ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ಓಡುವ ಕಿಲೋಮೀಟರಿಗೆ ಮಿತಿ ಹಾಕಿ, 30 ವರ್ಷ ದಾಟಿದ ಸಾಮಾನ್ಯರ ಕಾರಿಗೂ ಕಡಿಮೆ ಶುಲ್ಕದಲ್ಲಿ ರಕ್ಷಣೆ ಕೊಡಬಹುದು. ಕಾರು ಹೋದರೆ ಅದರ ಸದ್ದು ಕೇಳಿಯೇ ದೋಷ ಹೇಳುವ ಮಿಸ್ತ್ರಿಯ ವಿದ್ಯೆಯೂ ಹೋಗುತ್ತದೆ.

ನಿಜಾಮರ ಸಿಲ್ವರ್ ಘೋಸ್ಟ್ ಹೇಗೂ ಉಳಿಯುತ್ತದೆ, ಅದನ್ನು ಕಾಯುವವರಿದ್ದಾರೆ. ಓಣಿಯಲ್ಲಿ ನಿಂತ ಪದ್ಮಿನಿಯನ್ನು ಕಾಯುವವರು ಓಣಿಯವರೇ. ಅದನ್ನು ವಾರಕ್ಕೊಮ್ಮೆ ಚಾಲೂ ಮಾಡಿ, ಒಂದು ಸುತ್ತು ಓಡಿಸಿ. ಅದು ಓಡುತ್ತಿರುವವರೆಗೆ ಪಂದ್ಯದಲ್ಲಿ ಅದಕ್ಕೂ ಒಂದು ಜಾಗವಿದೆ.