ಎದೆ ಬರೆಯುವ ಗೆರೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರ ಟ್ರಂಕಿನೊಳಗೆ, ಊರಿನ ಕಾಗದಗಳ ಜೊತೆಗೆ, ಚೌಕುಳಿಯ ಗುಲಾಬಿ ಕಾಗದವೊಂದು ಇರುತ್ತದೆ. ಅದಕ್ಕೆ ಇ.ಸಿ.ಜಿ. ಎನ್ನುತ್ತಾರೆ. ಹಣ ಕೊಟ್ಟು ತೆಗೆಯಿಸಿದ್ದೇವೆ. ಅದರಲ್ಲೇನಿದೆಯೆಂದು ಕೇಳಲು ಮಾತ್ರ ಸಂಕೋಚ. ಡಾಕ್ಟರಾಗುವ ಹುಚ್ಚು ನಮಗಿಲ್ಲ. ಆದರೂ ನಮ್ಮ ಎದೆಯ ಲೆಕ್ಕ ನಮಗೆ ತುಸುವಾದರೂ ತಿಳಿದಿರಬೇಡವೆ?

ಪ್ರತಿ ಬಡಿತಕ್ಕೂ ಮೊದಲು ಹೃದಯದಲ್ಲಿ ಅತಿ ಸಣ್ಣ ವಿದ್ಯುತ್ತು ಹರಿಯುತ್ತದೆ. ಹಾಲೆಂಡಿನ ಲೈಡನ್ ನಗರದ ಐಂಥೋವೆನ್ ಎಂಬ ಪಂಡಿತರು 20ನೆಯ ಶತಮಾನದ ಆರಂಭದಲ್ಲಿ ಅದನ್ನು ಸ್ಪಷ್ಟವಾಗಿ ಬರೆದುಕೊಳ್ಳುವ ಯಂತ್ರ ಕಟ್ಟಿದರು. ರೋಗಿಯು ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂಡಬೇಕಾಗಿತ್ತು! 1924ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಈಗ ಕೈಕಾಲಿಗೆ ನಾಲ್ಕು, ಎದೆಗೆ ಆರು ತಂತಿ ಅಂಟಿಸುತ್ತಾರೆ. ಶಾಕ್ ಹೊಡೆದೀತೆಂಬ ಅಂಜಿಕೆ ಬೇಡ. ನಮ್ಮಿಂದ ಬರುವುದನ್ನು ಯಂತ್ರ ಬರೆದುಕೊಳ್ಳುತ್ತದೆ, ಅಷ್ಟೇ.

ಕಾಗದ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿಲ್ಲಿಮೀಟರು ಓಡುತ್ತದೆ. ಆ ಓಟದಲ್ಲಿ ಐದು ದೊಡ್ಡ ಚೌಕಗಳಿಗೆ ಒಂದು ಸೆಕೆಂಡು. ಎರಡು ಎತ್ತರದ ಮೊನೆಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆಯೆಂದು ಎಣಿಸಿ, 300ನ್ನು ಅದರಿಂದ ಭಾಗಿಸಿರಿ. ನಾಲ್ಕಿದ್ದರೆ ನಿಮಿಷಕ್ಕೆ 75 ಬಡಿತ. ಗಲ್ಲಾದಲ್ಲಿ ಕೂತವರಿಗೆ ಇದೆಷ್ಟರ ಲೆಕ್ಕ! ವಿಶ್ರಾಂತಿಯಲ್ಲಿ 60ರಿಂದ 100 ಸಹಜ. ಮೊನೆಗಳ ಅಂತರ ಏರುಪೇರಾಗಿದ್ದರೆ ಈ ಲೆಕ್ಕ ನಡೆಯದು.

ಮೊದಲಿನ ಸಣ್ಣ ಉಬ್ಬಿಗೆ ಪಿ ಎಂದು ಹೆಸರು. ಅದು ಹೃದಯದ ಮೇಲಿನ ಕೋಣೆಗಳದು. ಚೂಪಾಗಿ ಏಳುವ ಕ್ಯು-ಆರ್-ಎಸ್ ಕೆಳಗಿನ ದೊಡ್ಡ ಕೋಣೆಗಳದು. ಅವು ಮುಂದಿನ ಬಡಿತಕ್ಕೆ ಅಣಿಯಾಗುವ ಹೊತ್ತು, ಕೊನೆಯ ಟಿ. ಎಸ್‌ಗೂ ಟಿಗೂ ನಡುವಿನ ಗೆರೆಯ ಮೇಲೆ ಡಾಕ್ಟರರ ಕಣ್ಣು ಹೆಚ್ಚು. ಅದು ಮೇಲೆದ್ದು ನಿಂತರೆ, ರಕ್ತನಾಳ ಮುಚ್ಚಿ ಹೃದಯದ ಮಾಂಸ ಸಾಯುತ್ತಿರಬಹುದು. ಎಲ್ಲರಲ್ಲೂ ಹಾಗಲ್ಲ, ಅದರ ತೀರ್ಮಾನ ಅವರದೇ.

ನಮ್ಮ ಗೆಳೆಯರೊಬ್ಬರಿಗೆ ಭಟ್ಟಿಯ ಮುಂದೆ ಎದೆ ಬಿಗಿದು, ಎಡಗೈ ಜೋಮು ಹಿಡಿದು, ಮೈಯೆಲ್ಲ ಬೆವರಿತು. ವಾಯುವೆಂದು ಸೋಡಾ ಕುಡಿದು ಪಾಳಿ ಮುಗಿಸಿದರು. ಆರು ತಿಂಗಳ ಹಿಂದಿನ ಇ.ಸಿ.ಜಿ. ಸರಿಯಿದೆಯಲ್ಲ ಎಂಬ ಧೈರ್ಯ! ಮರುದಿನ ಆಸ್ಪತ್ರೆ ಸೇರಿದರು. ಬದುಕಿದ್ದಾರೆ, ಒಂದು ಕೊಡ ನೀರೆತ್ತಲಾರರು.

ಆ ಕಾಗದ ತೆಗೆದ ಹತ್ತಾರು ಸೆಕೆಂಡಿನ ಮಾತನ್ನಷ್ಟೇ ಹೇಳುತ್ತದೆ. ನೋವಿರುವಾಗಲೂ ಮೊದಲ ಗೆರೆ ಸರಿಯಾಗಿ ಕಾಣಬಹುದು. ಆದುದರಿಂದಲೇ ಮತ್ತೆ ತೆಗೆಯುತ್ತಾರೆ, ರಕ್ತವನ್ನೂ ಪರೀಕ್ಷಿಸುತ್ತಾರೆ. ಎದೆ ಬಿಗಿದರೆ ಸೋಡಾ ಬಿಟ್ಟು 108ಕ್ಕೆ ಫೋನು ಮಾಡಿರಿ. ಹಳೆಯ ಇ.ಸಿ.ಜಿ. ಕೈಯಲ್ಲಿದ್ದರೆ ಒಯ್ಯಿರಿ, ಹೊಸದರ ಪಕ್ಕದಲ್ಲಿಟ್ಟು ನೋಡಲು ಅದು ಬೇಕು. ಹುಡುಕುತ್ತ ಮಾತ್ರ ಕೂಡಬೇಡಿರಿ. ಬಿಸಿ ತಾಗಿದರೆ ಆ ಕಾಗದ ಕಪ್ಪಾಗುತ್ತದೆ, ಭಟ್ಟಿಯ ಪಕ್ಕದ ಗೂಡಿನಲ್ಲಿಡದೆ ಒಂದು ಝೆರಾಕ್ಸ್ ಮಾಡಿಸಿಟ್ಟುಕೊಳ್ಳಿರಿ.