ಉಳಿಸು, ಅಳಿಸು: ಒಂದು ಕೈಪಿಡಿಯ ಕಾಗುಣಿತ

(ಮಿಸಿಸಾಗಾದಲ್ಲಿ ಕನ್ನಡ ಗೆಳೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಹಿತ್ಯ ಮತ್ತು ರಾಜಕಾರಣಗಳನ್ನು ಚರ್ಚಿಸುವ ಈ ಸಭೆಯಲ್ಲಿ ನಾನು ಆರಿಸಿಕೊಂಡಿರುವ ವಿಷಯ ತೀರ ಸಣ್ಣದೆಂದು ನಿಮಗೆ ಅನ್ನಿಸಬಹುದು. ಒಂದು ತಂತ್ರಾಂಶದ ಬಳಕೆದಾರರ ಕೈಪಿಡಿಯಲ್ಲಿದ್ದ ಕಾಗುಣಿತದ ತಪ್ಪುಗಳನ್ನು ತಿದ್ದಲು ಹೊರಟ ನಾನು, ತಿದ್ದುವುದೆಂದರೆ ಏನು ಎಂಬುದನ್ನೇ ಹೊಸದಾಗಿ ಕಲಿಯಬೇಕಾಯಿತು. ಆ ಕಲಿಕೆಯನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಕಳೆದ ಚಳಿಗಾಲದಲ್ಲಿ ಸ್ವಯಂಸೇವಕರ ಗುಂಪೊಂದು ನನಗೆ ಒಂದು ಕನ್ನಡ ಕೈಪಿಡಿಯನ್ನು ಕಳುಹಿಸಿತು. ಮಹಿಳೆಯರ ಸ್ವಸಹಾಯ ಸಂಘಗಳು ಲೆಕ್ಕ ಇಡಲು ಬಳಸಬಹುದಾದ ತಂತ್ರಾಂಶವೊಂದರ ಕೈಪಿಡಿ ಅದು. ಇಂಗ್ಲಿಷಿನಿಂದ ಅನುವಾದ ಮಾಡಿದವರು ಕರ್ನಾಟಕದ ಒಬ್ಬ ಹೆಣ್ಣುಮಗಳು. ನಾನು ಎರಡು ರಾತ್ರಿ ಕುಳಿತು ‘ಕಾತೆ’ಯನ್ನು ‘ಖಾತೆ’ ಮಾಡಿದೆ, ‘ಪಲಕ’ವನ್ನು ‘ಫಲಕ’ ಮಾಡಿದೆ, ‘ಮುಕಪುಟ’ಕ್ಕೆ ಅದರ ಮಹಾಪ್ರಾಣವನ್ನು ಮರಳಿಸಿದೆ. ಪುಟದ ತುಂಬ ಕೆಂಪು ಗುರುತುಗಳನ್ನು ಕಂಡು ನನಗೆ ಸಮಾಧಾನವೂ ಆಯಿತು.

ಆಗ ಬ್ರಾಂಪ್ಟನ್ನಿನ ನಮ್ಮ ಮನೆಗೆ ಅಮ್ಮ ಬಂದಿದ್ದರು. ಏಳನೆಯ ತರಗತಿಯವರೆಗೆ ಓದಿದವರು. ಊರಿನ ಸಂಘದ ಲೆಕ್ಕದ ಪುಸ್ತಕವನ್ನು ಹಲವು ವರ್ಷ ಬರೆದವರು. ಹಾಳೆಗಳನ್ನು ಕೈಗೆತ್ತಿಕೊಂಡು ಗಟ್ಟಿಯಾಗಿ, ನಿಧಾನವಾಗಿ ಓದುತ್ತಿದ್ದವರು ಒಂದು ಕಡೆ ನಿಂತರು. “ಅಲ್ಲ ಕಣೇ, ಲೆಕ್ಕ ಬರೆದು ಮುಗಿಸಿದ್ಮೇಲೆ ಅಳಿಸು ಅಂತ ಬರ್ದಿದೆಯಲ್ಲ. ಅಳಿಸೋ ಹಂಗಿದ್ರೆ ಬರೆಯೋದು ಯಾಕೆ?” ಎಂದು ಕೇಳಿದರು.

‘ಲೆಕ್ಕವನ್ನು ಬರೆದ ನಂತರ ಅಳಿಸು ಗುಂಡಿಯನ್ನು ಒತ್ತಿರಿ’ ಎಂದಿತ್ತು ಆ ವಾಕ್ಯ. ಇರಬೇಕಾದದ್ದು ‘ಉಳಿಸು’. ಆ ವಾಕ್ಯವನ್ನು ನಾನು ಎರಡು ಬಾರಿ ದಾಟಿ ಹೋಗಿದ್ದೆ. ಕನ್ನಡ ತಂತ್ರಾಂಶಗಳಲ್ಲಿ ಅತ್ಯಂತ ಹೆಚ್ಚು ಬಳಕೆಯಾಗುವ ಈ ಎರಡು ವಿರುದ್ಧ ಪದಗಳ ನಡುವೆ ಇರುವುದು ಮೊದಲ ಅಕ್ಷರದ ಅಂತರ ಮಾತ್ರ. ಕಾಗುಣಿತ ಪರೀಕ್ಷಕವೂ ಇದನ್ನು ಹಿಡಿಯಲಾರದು, ಏಕೆಂದರೆ ಅದರ ಪದಕೋಶದಲ್ಲಿ ಎರಡೂ ಸರಿಯಾದ ಪದಗಳೇ. ಅಮ್ಮ ಅದನ್ನು ಹಿಡಿದದ್ದು ಕಾಗುಣಿತದ ಜ್ಞಾನದಿಂದಲ್ಲ. ಲೆಕ್ಕ ಬರೆಯುವವಳಿಗೆ ಲೆಕ್ಕ ಉಳಿಯಬೇಕು ಎಂಬ ತಿಳಿವಳಿಕೆಯಿಂದ.

ನನ್ನ ಕೆಂಪು ಗುರುತುಗಳನ್ನು ಆಗ ಮತ್ತೆ ನೋಡಿದೆ. ‘ಕಾತೆ’ ಎಂದು ಓದಿ ಯಾರಾದರೂ ಹಣ ಕಳೆದುಕೊಳ್ಳುತ್ತಿದ್ದರೇ? ಇಲ್ಲ. ಅನುವಾದಕಿ ತಾನು ಆಡುವಂತೆ ಬರೆದಿದ್ದಳು. ಮಹಾಪ್ರಾಣಗಳು ಹೆಚ್ಚಿನ ಕನ್ನಡಿಗರ ಸಹಜ ಉಚ್ಚಾರಣೆಯಲ್ಲಿಲ್ಲ, ಹಾಗಾಗಿ ಬರಹದಲ್ಲಿಯೂ ಬೇಕಿಲ್ಲ ಎಂದು ವಾದಿಸಿ, ತಮ್ಮ ಪುಸ್ತಕಗಳನ್ನು ಅಂತೆಯೇ ಬರೆದು ತೋರಿಸಿದವರು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು. ಆ ವಾದವನ್ನು ಪೂರ್ತಿ ಒಪ್ಪದವರೂ ಒಂದು ಮಾತನ್ನು ಒಪ್ಪಬೇಕು: ಮಹಾಪ್ರಾಣ ತಪ್ಪಿದವರನ್ನು ನೋಡಿ ನಗುವ ನಮ್ಮ ಅಭ್ಯಾಸದಲ್ಲಿ ಭಾಷೆಯ ಪ್ರೀತಿಗಿಂತ ಜಾತಿ ಮತ್ತು ಶಾಲೆಯ ಹಮ್ಮು ಹೆಚ್ಚಿಗೆ ಇದೆ.

ಹಾಗೆಂದು ಕೈಪಿಡಿಯಲ್ಲಿ ಕಾಗುಣಿತ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ತೆರೆಯ ಮೇಲೆ ‘ಖಾತೆ’ ಎಂದಿದ್ದು ಕೈಪಿಡಿಯಲ್ಲಿ ‘ಕಾತೆ’ ಎಂದಿದ್ದರೆ, ಹುಡುಕುವವರಿಗೆ ಅದು ಸಿಗುವುದಿಲ್ಲ. ‘ಸಾಫ್ಟ್‌ವೇರ್’ ಎಂಬ ಪದದ ನಡುವೆ, ವಕಾರವು ಒತ್ತಕ್ಷರವಾಗದಂತೆ ತಡೆಯುವ ಸಂಕೇತವೊಂದು ಕಣ್ಣಿಗೆ ಕಾಣದಂತೆ ಕುಳಿತಿರುತ್ತದೆ. ಅದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಯಂತ್ರದ ಲೆಕ್ಕದಲ್ಲಿ ಅವು ಎರಡು ಬೇರೆ ಪದಗಳು. ಆದುದರಿಂದ ನಾನು ಈಗ ಒಂದು ಕ್ರಮವನ್ನು ಪಾಲಿಸುತ್ತೇನೆ. ಬಳಸುವವರಿಗೆ ನಷ್ಟ ತರುವ ತಪ್ಪುಗಳು ಮೊದಲು. ತೆರೆಗೂ ಕೈಪಿಡಿಗೂ ಹೊಂದಿಕೆ ತಪ್ಪಿಸುವವು ಅನಂತರ. ನನ್ನ ಅಭಿರುಚಿಗೆ ಒಗ್ಗದವು ಕೊನೆಗೆ, ಅದೂ ಅನುವಾದಕಿಯನ್ನು ಕೇಳಿದ ಮೇಲೆ.

ಇನ್ನೊಂದು ಪಾಠವನ್ನು ಇದಕ್ಕಿಂತ ಕಷ್ಟಪಟ್ಟು ಕಲಿತೆ. ಮೂಲ ಇಂಗ್ಲಿಷ್ ಕೈಪಿಡಿಯಲ್ಲಿಯೂ ಒಂದು ಕಾಗುಣಿತದ ತಪ್ಪು ಕಂಡಿತು. ಹೆಮ್ಮೆಯಿಂದ ತಿಳಿಸಿದೆ, ಅವರು ತಿದ್ದಿದರು. ಮುಂದಿನ ಆವೃತ್ತಿ ಬಂದಾಗ ಆ ಜಾಗದಲ್ಲಿದ್ದ ಕನ್ನಡ ವಾಕ್ಯ ಮಾಯವಾಗಿ ಇಂಗ್ಲಿಷ್ ವಾಕ್ಯ ನಿಂತಿತ್ತು.

ಇದರ ಹಿಂದಿನ ಕಾರಣ ಸರಳ. ಅನೇಕ ಮುಕ್ತ ತಂತ್ರಾಂಶಗಳು ಅನುವಾದಕ್ಕೆ ‘ಗೆಟ್‌ಟೆಕ್ಸ್ಟ್’ ಎಂಬ ವ್ಯವಸ್ಥೆಯನ್ನು ಬಳಸುತ್ತವೆ. ಅಲ್ಲಿ ಇಂಗ್ಲಿಷ್ ವಾಕ್ಯವೇ ಬೀಗದ ಕೈ. ಅದರಲ್ಲಿ ಒಂದು ಅಕ್ಷರ ಬದಲಾದರೂ ಹಳೆಯ ಅನುವಾದಕ್ಕೆ ‘ಫಝಿ’, ಅಂದರೆ ಅಸ್ಪಷ್ಟ, ಎಂಬ ಹಣೆಪಟ್ಟಿ ಬೀಳುತ್ತದೆ. ಯಾರಾದರೂ ಮತ್ತೆ ಪರಿಶೀಲಿಸಿ ಆ ಹಣೆಪಟ್ಟಿಯನ್ನು ತೆಗೆಯುವವರೆಗೆ ಸಾಮಾನ್ಯವಾಗಿ ಅದು ತೆರೆಗೆ ಬರುವುದಿಲ್ಲ. ತಪ್ಪು ಇಂಗ್ಲಿಷಿನದು, ಕನ್ನಡ ವಾಕ್ಯದಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಅಳಿದದ್ದು ಕನ್ನಡ. ಅನುವಾದಕರ ದೊಡ್ಡ ಪಡೆಯಿರುವ ಭಾಷೆಗಳು ಇದನ್ನು ಬೇಗ ಸರಿಪಡಿಸಿಕೊಳ್ಳುತ್ತವೆ. ಇಬ್ಬರು ಮೂವರು ಬಿಡುವಿನಲ್ಲಿ ಕೆಲಸ ಮಾಡುವ ಭಾಷೆಗೆ ಅದು ತಿಂಗಳುಗಳ ಹಿನ್ನಡೆ.

ಇದು ಯಂತ್ರದ ಅನಿವಾರ್ಯತೆಯೇನೂ ಅಲ್ಲ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಪ್ರತಿ ವಾಕ್ಯಕ್ಕೂ ಪ್ರತ್ಯೇಕ ಗುರುತಿನ ಹೆಸರಿದೆ. ಇಂಗ್ಲಿಷಿನಲ್ಲಿ ಬರಿಯ ಕಾಗುಣಿತವನ್ನು ತಿದ್ದಿದರೆ ಆ ಹೆಸರನ್ನು ಬದಲಿಸಬೇಕಿಲ್ಲ, ಅರ್ಥ ಬದಲಾದರೆ ಮಾತ್ರ ಬದಲಿಸಬೇಕು ಎಂಬುದು ಅಲ್ಲಿನ ನಿಯಮ. ದೂರದ ಭಾಷೆಯೊಂದರ ಶ್ರಮವನ್ನು ನೆನಪಿನಲ್ಲಿಟ್ಟುಕೊಂಡು ರೂಪಿಸಿದ ನಿಯಮ ಅದು. ತಂತ್ರಜ್ಞಾನದಲ್ಲಿ ರಾಜಕಾರಣವಿಲ್ಲ ಎನ್ನುವವರಿಗೆ ನಾನು ಈ ಎರಡು ವ್ಯವಸ್ಥೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ತಿದ್ದಲಾಗದ ತಪ್ಪುಗಳೂ ಇವೆ. ಜಾಲತಾಣಗಳ ಸಂವಹನಕ್ಕೆ ಆಧಾರವಾದ ನಿಯಮಾವಳಿಯಲ್ಲಿ ‘ರೆಫರರ್’ ಎಂಬ ಪದದ ಒಂದು ಅಕ್ಷರ ಬಿಟ್ಟುಹೋಗಿತ್ತು. 1996ರ ಪ್ರಕಟಣೆಯಲ್ಲಿ ಹಾಗೆಯೇ ಉಳಿದ ಅದು ಇಂದಿಗೂ ಹಾಗೆಯೇ ಇದೆ. ಯೂನಿಕೋಡಿನ ಕನ್ನಡ ವಿಭಾಗದಲ್ಲಿ ಹಳಗನ್ನಡದ ‘ೞ’ ಅಕ್ಷರಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ನೀತಿಯಾದ ಕಾರಣ, ಸರಿಯಾದ ಹೆಸರನ್ನು ಪಕ್ಕದಲ್ಲಿ ಪರ್ಯಾಯನಾಮವಾಗಿ ಸೇರಿಸಿದ್ದಾರೆ. ನಮ್ಮ ‘ಅಳಿಸು’ ಪದದ ಮೂಲವಾದ ‘ಅೞಿ’ಯಲ್ಲಿ ಇರುವುದು ಇದೇ ಅಕ್ಷರ. ಭಾಷೆಯನ್ನು ಬಲ್ಲವರು ಆರಂಭದಲ್ಲಿಯೇ ಸರಿಯಾಗಿ ಓದಿ ನೋಡದಿದ್ದರೆ ತಪ್ಪು ಹೇಗೆ ಶಾಶ್ವತವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಾವಿರುವ ಈ ದೇಶದಲ್ಲಿ ಭಾಷೆಯ ಹಕ್ಕು ಕೈಪಿಡಿಯವರೆಗೂ ಬಂದಿದೆ. ಕ್ವಿಬೆಕ್ ಪ್ರಾಂತ್ಯದ 1977ರ ಫ್ರೆಂಚ್ ಭಾಷಾ ಸನ್ನದು ಸರಕುಗಳ ಜೊತೆ ಬರುವ ಬಳಕೆಯ ಸೂಚನೆಗಳು ಫ್ರೆಂಚಿನಲ್ಲಿ ಇರಬೇಕೆಂದು ವಿಧಿಸಿತು. ತಂತ್ರಾಂಶವೊಂದರ ಫ್ರೆಂಚ್ ಆವೃತ್ತಿ ಇದ್ದರೆ ಅದು ಅಲ್ಲಿ ದೊರೆಯಲೇಬೇಕು ಎಂಬ ವಿಧಿ 1997ರಲ್ಲಿ ಸೇರಿತು. ಆ ಕಾನೂನಿನ ಕಟ್ಟುನಿಟ್ಟಿನ ಬಗ್ಗೆ, ವಲಸಿಗರ ಮೇಲೆ ಅದರ ಪರಿಣಾಮದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಅದರಿಂದಾಗಿ ಫ್ರೆಂಚ್ ಕೈಪಿಡಿಯನ್ನು ಬರೆಯುವುದು ಸಂಬಳದ ಕೆಲಸವಾಯಿತು. ಕರ್ನಾಟಕದಲ್ಲಿ 1963ರ ಕಾಯಿದೆಯಂತೆ ಕನ್ನಡ ಆಡಳಿತ ಭಾಷೆ. ಆದರೂ ಗ್ನೋಮ್, ಕೆಡಿಇ, ಫೈರ್‌ಫಾಕ್ಸ್‌ಗಳನ್ನು ಕನ್ನಡಕ್ಕೆ ತಂದದ್ದರಲ್ಲಿ ಸ್ವಯಂಸೇವಕರ ರಾತ್ರಿಗಳ ದುಡಿಮೆಯೂ ಇದೆ. ಪ್ರೀತಿಯಿಂದ ಮಾಡಿದ ಕೆಲಸ ನಿಜ. ಆದರೆ ಪ್ರೀತಿಯ ಹೆಸರಿನಲ್ಲಿ ಕೂಲಿ ಕೊಡದಿರುವುದನ್ನು ಪ್ರಗತಿಪರರಾದ ನಾವು ಬೇರೆಲ್ಲ ಕಡೆ ಪ್ರಶ್ನಿಸುತ್ತೇವೆ, ಇಲ್ಲಿ ಏಕೆ ಪ್ರಶ್ನಿಸುವುದಿಲ್ಲ?

ನನ್ನಂಥವರ ಪಾತ್ರವನ್ನೂ ಪ್ರಶ್ನಿಸಬೇಕು. ಡಾಕ್ಟರೇಟ್ ಪಡೆದು ಸಾವಿರಾರು ಮೈಲಿ ದೂರದಲ್ಲಿ ಕುಳಿತ ನಾನು, ಅಲ್ಲಿಯ ಹೆಣ್ಣುಮಕ್ಕಳು ಬಳಸುವ ಪುಸ್ತಕದ ಭಾಷೆಯನ್ನು ತೀರ್ಮಾನಿಸುತ್ತಿದ್ದೆ. ಅನುವಾದಕಿಗೆ ಕೊನೆಗೆ ಪತ್ರ ಬರೆದೆ. ‘ಉಳಿಸು’ವಿನ ವಿಷಯಕ್ಕೆ ಆಕೆ ಗಾಬರಿಯಾಗಿ ಧನ್ಯವಾದ ಹೇಳಿದಳು. ‘ಕಾತೆ’ಯ ವಿಷಯಕ್ಕೆ, ತೆರೆಯ ಮೇಲಿರುವಂತೆಯೇ ಇರಲಿ ಎಂದು ಒಪ್ಪಿದಳು. ಆದರೆ ನಾನು ‘ನಮೂದಿಸಿ’ ಎಂದು ಬದಲಿಸಿದ್ದ ಕಡೆಯೆಲ್ಲ ‘ಬರೆಯಿರಿ’ ಎಂದೇ ಇರಲಿ ಎಂದಳು. ಆಕೆ ಹೇಳಿದ್ದು ಸರಿ. ಹಾಗೆಯೇ ಇಟ್ಟಿದ್ದೇವೆ.

ಆ ಕೈಪಿಡಿಯ ಇನ್ನೂ ಐದು ಅಧ್ಯಾಯಗಳು ಬಾಕಿ ಇವೆ. ಪ್ರತಿಗಳನ್ನು ಹಿಂದಿನ ಮೇಜಿನ ಮೇಲೆ ಇರಿಸಿದ್ದೇನೆ. ದಯವಿಟ್ಟು ಒಬ್ಬೊಬ್ಬರು ನಾಲ್ಕು ಪುಟ ತೆಗೆದುಕೊಂಡು ಹೋಗಿ. ಒಬ್ಬರೇ ಕುಳಿತು ತಿದ್ದಬೇಡಿ. ಮನೆಯಲ್ಲಿರುವ ಅಮ್ಮನಿಗೋ ಅತ್ತೆಗೋ ಗಟ್ಟಿಯಾಗಿ ಓದಲು ಕೊಡಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಗುರುತು ಹಾಕಿ.